ಉಸಿರಾಡುವ ರಾಸಾಯನಿಕಗಳ ಅಪಾಯ ಅಂದಾಜಿನಲ್ಲಿ ಮಾನವ ವ್ಯತ್ಯಾಸ: ದೆಹಲಿ–ಎನ್‌ಸಿಆರ್

ಒಂದೇ ಗಾಳಿಯನ್ನು ಉಸಿರಾಡಿದ ಇಬ್ಬರಲ್ಲಿ ಒಬ್ಬರು ಆರಾಮವಾಗಿದ್ದು ಇನ್ನೊಬ್ಬರು ಆಸ್ಪತ್ರೆ ಸೇರುವುದುಂಟು. ಇದಕ್ಕೆ ಕಾರಣವಾಗುವ ದೇಹ, ವಯಸ್ಸು, ಕಾಯಿಲೆ, ಆಹಾರ, ಕೆಲಸ ಮತ್ತು ವಾಸಸ್ಥಳದ ಭೇದಗಳನ್ನು ಒಟ್ಟಾಗಿ ಮಾನವ ವ್ಯತ್ಯಾಸ ಎನ್ನುತ್ತಾರೆ. ಗಾಳಿಯಲ್ಲಿರುವ ಅನಿಲ, ಆವಿ ಮತ್ತು ಕಣಗಳು ಜನರ ಆರೋಗ್ಯಕ್ಕೆ ಎಷ್ಟು ಕೇಡು ಮಾಡಬಲ್ಲವೆಂದು ಲೆಕ್ಕ ಹಾಕುವ ಶಾಸ್ತ್ರಕ್ಕೆ ಅಪಾಯ ಅಂದಾಜು ಎಂದು ಹೆಸರು. ಯಾವ ಪ್ರಮಾಣದವರೆಗೆ ಗಾಳಿ ಸುರಕ್ಷಿತ ಎಂದು ಹೇಳಬೇಕಾದಾಗ, ಯಾರಿಗೆ ಸುರಕ್ಷಿತ ಎಂಬ ಪ್ರಶ್ನೆಯೂ ಜೊತೆಗೇ ಬರುತ್ತದೆ.

ದೆಹಲಿ ಮತ್ತು ಅದರ ಸುತ್ತಲಿನ ಹರಿಯಾಣ, ಉತ್ತರ ಪ್ರದೇಶ, ರಾಜಸ್ಥಾನಗಳ ಜಿಲ್ಲೆಗಳು ಸೇರಿದ ರಾಷ್ಟ್ರ ರಾಜಧಾನಿ ವಲಯದಲ್ಲಿ (ಎನ್‌ಸಿಆರ್) ಈ ಪ್ರಶ್ನೆ ಪ್ರತಿ ಚಳಿಗಾಲವೂ ಬೀದಿಗೆ ಬರುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಗಾಳಿಯ ವೇಗ ಇಳಿದು, ನೆಲದ ಹತ್ತಿರದ ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರ ಕೂತು, ವಾಹನ, ಕಾರ್ಖಾನೆ, ಕಟ್ಟಡ ಕಾಮಗಾರಿ, ಕಸದ ಬೆಂಕಿ ಮತ್ತು ಕೂಳೆ ಸುಡುವ ಹೊಗೆ ಮೇಲೇಳಲಾರದೆ ಊರಿನಲ್ಲೇ ನಿಲ್ಲುತ್ತದೆ. ಗಾಳಿ ಎಲ್ಲರಿಗೂ ಒಂದೇ ಎಂಬ ಮಾತು ಇಲ್ಲಿ ಎರಡು ರೀತಿಯಲ್ಲಿ ಸುಳ್ಳಾಗುತ್ತದೆ. ಎಲ್ಲರ ಮೂಗಿಗೆ ಬರುವ ಗಾಳಿ ಒಂದೇ ಅಲ್ಲ. ಒಂದೇ ಆಗಿದ್ದರೂ ಎಲ್ಲರ ಮೈಯೊಳಗೆ ಅದು ಮಾಡುವ ಕೆಲಸ ಒಂದೇ ಅಲ್ಲ.

ಪರಿಕಲ್ಪನೆ

ಅಪಾಯ ಅಂದಾಜಿನ ನಾಲ್ಕು ಹಂತಗಳನ್ನು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1983ರ ವರದಿಯಲ್ಲಿ ಗೊತ್ತುಪಡಿಸಿತು. ಮೊದಲನೆಯದು ವಸ್ತುವಿನಿಂದ ಯಾವ ಬಗೆಯ ಕೇಡು ಸಾಧ್ಯ ಎಂದು ಗುರುತಿಸುವುದು. ಎರಡನೆಯದು ಎಷ್ಟು ಪ್ರಮಾಣಕ್ಕೆ ಎಷ್ಟು ಪರಿಣಾಮ ಎಂದು ಕಂಡುಕೊಳ್ಳುವುದು. ಮೂರನೆಯದು ಜನ ವಾಸ್ತವವಾಗಿ ಎಷ್ಟಕ್ಕೆ ಮೈಯೊಡ್ಡುತ್ತಾರೆ ಎಂದು ಅಳೆಯುವುದು. ಇದನ್ನು ಒಡ್ಡಿಕೆ ಎನ್ನುತ್ತಾರೆ. ಕೊನೆಯದು ಇವೆಲ್ಲವನ್ನೂ ಸೇರಿಸಿ ಅಪಾಯ ಎಷ್ಟೆಂದು ಹೇಳುವುದು. ಮಾನವ ವ್ಯತ್ಯಾಸ ಎರಡನೆಯ ಮತ್ತು ಮೂರನೆಯ ಹಂತಗಳೆರಡರಲ್ಲೂ ತಲೆಹಾಕುತ್ತದೆ.

ಈ ಶಾಸ್ತ್ರದಲ್ಲಿ ವ್ಯತ್ಯಾಸವನ್ನೂ ಅನಿಶ್ಚಿತತೆಯನ್ನೂ ಬೇರೆ ಬೇರೆಯಾಗಿಯೇ ನೋಡುತ್ತಾರೆ. ನಮಗೆ ಗೊತ್ತಿಲ್ಲದ್ದು ಅನಿಶ್ಚಿತತೆ. ಹೆಚ್ಚು ಅಧ್ಯಯನ ನಡೆದಂತೆ ಅದು ಕಡಿಮೆಯಾಗುತ್ತದೆ. ವ್ಯತ್ಯಾಸ ಹಾಗಲ್ಲ. ಸಾವಿರ ಜನರ ಶ್ವಾಸಕೋಶ ಅಳೆದ ಮಾತ್ರಕ್ಕೆ ಅವರ ನಡುವಿನ ಅಂತರ ಕುಗ್ಗುವುದಿಲ್ಲ, ಅದರ ಚಿತ್ರ ಸ್ಪಷ್ಟವಾಗುತ್ತದೆ ಅಷ್ಟೆ. ಅಂತರ ಇರುವುದರಿಂದಲೇ ಏನನ್ನೂ ಖಚಿತವಾಗಿ ಹೇಳಲಾಗದು ಎಂದು ವಾದಿಸುವವರು ಈ ಎರಡನ್ನೂ ಬೆರೆಸುತ್ತಾರೆ.

ಹತ್ತರ ಗುಣಕ

ಜನರ ನಡುವಿನ ವ್ಯತ್ಯಾಸಕ್ಕೆ ಅಂಕಿಯ ರೂಪ ಕೊಡುವ ಮೊದಲ ಪ್ರಯತ್ನ ಆಹಾರದ ಕ್ಷೇತ್ರದಲ್ಲಿ ನಡೆಯಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಆರ್ನಾಲ್ಡ್ ಲೇಮನ್ ಮತ್ತು ಗಾರ್ತ್ ಫಿಟ್ಜ್‌ಹ್ಯೂ 1954ರಲ್ಲಿ, ಪ್ರಾಣಿಗಳಲ್ಲಿ ಹಾನಿ ಕಾಣದ ಪ್ರಮಾಣವನ್ನು ನೂರರಿಂದ ಭಾಗಿಸಿದರೆ ಮನುಷ್ಯರಿಗೆ ಸುರಕ್ಷಿತ ಪ್ರಮಾಣ ಸಿಗುತ್ತದೆಂದು ಸೂಚಿಸಿದರು. ಮುಂದೆ ಈ ನೂರನ್ನು ಎರಡು ಹತ್ತುಗಳ ಗುಣಲಬ್ಧವೆಂದು ಅರ್ಥೈಸಲಾಯಿತು: ಪ್ರಾಣಿಗೂ ಮನುಷ್ಯನಿಗೂ ನಡುವಿನ ಅಂತರಕ್ಕೆ ಒಂದು ಹತ್ತು, ಮನುಷ್ಯ ಮನುಷ್ಯರ ನಡುವಿನ ಅಂತರಕ್ಕೆ ಇನ್ನೊಂದು ಹತ್ತು.

ಬ್ರಿಟನ್ನಿನ ವಿಷಶಾಸ್ತ್ರಜ್ಞ ಆಂಡ್ರ್ಯೂ ರೆನ್ವಿಕ್ 1993ರಲ್ಲಿ ಈ ಎರಡನೆಯ ಹತ್ತನ್ನು ಮತ್ತೆ ಒಡೆದರು. ವಸ್ತು ದೇಹದೊಳಗೆ ಸೇರಿ, ಹರಡಿ, ಬದಲಾಗಿ, ಹೊರಹೋಗುವ ಬಗೆಯಲ್ಲಿನ ಭೇದ ಒಂದು ಪಾಲು. ತಲುಪಿದ ಜಾಗದಲ್ಲಿ ಅಂಗಾಂಶ ಅದಕ್ಕೆ ಎಷ್ಟು ಸೋಲುತ್ತದೆ ಎಂಬ ಭೇದ ಇನ್ನೊಂದು ಪಾಲು. ವಿಶ್ವ ಆರೋಗ್ಯ ಸಂಸ್ಥೆಯ ರಾಸಾಯನಿಕ ಸುರಕ್ಷತಾ ಕಾರ್ಯಕ್ರಮ 1994ರಲ್ಲಿ ಎರಡಕ್ಕೂ ಸಮಪಾಲು ಕೊಟ್ಟು ತಲಾ 3.16 ಎಂದು ಒಪ್ಪಿತು. ಒಂದು ರಾಸಾಯನಿಕದ ಬಗ್ಗೆ ನಿಜವಾದ ಮಾಹಿತಿ ಸಿಕ್ಕಾಗ ಆ ಪಾಲಿನ ಜಾಗದಲ್ಲಿ ಅಳೆದ ಅಂಕಿಯನ್ನೇ ಹಾಕಬಹುದು ಎಂಬುದು ಈ ವಿಭಜನೆಯ ಲಾಭ. ಅದೇ ವರ್ಷ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಉಸಿರಾಟದ ಮೂಲಕ ಸೇರುವ ವಸ್ತುಗಳಿಗಾಗಿಯೇ ಉಲ್ಲೇಖ ಸಾಂದ್ರತೆಯನ್ನು ಲೆಕ್ಕ ಹಾಕುವ ವಿಧಾನವನ್ನು ಪ್ರಕಟಿಸಿತು. ಸೂಕ್ಷ್ಮ ಜನವರ್ಗಗಳೂ ಸೇರಿದಂತೆ ಎಲ್ಲರೂ ಜೀವಮಾನವಿಡೀ ಉಸಿರಾಡಿದರೂ ಗಮನಾರ್ಹ ಹಾನಿಯಾಗದ ಮಟ್ಟ ಎಂಬುದು ಅದರ ವ್ಯಾಖ್ಯೆ. ಎಳವೆಯಲ್ಲಿ ಕ್ಯಾನ್ಸರ್‌ಕಾರಕಗಳಿಗೆ ಹೆಚ್ಚು ಸೋಲುವುದನ್ನು ಗಮನಿಸಿ 2005ರಲ್ಲಿ ಆ ಸಂಸ್ಥೆ, ವಂಶದ್ರವ್ಯವನ್ನು ಕೆಡಿಸುವ ವಸ್ತುಗಳ ವಿಷಯದಲ್ಲಿ, ಎರಡು ವರ್ಷದೊಳಗಿನವರ ಒಡ್ಡಿಕೆಗೆ ಹತ್ತು ಪಟ್ಟು, ಎರಡರಿಂದ ಹದಿನಾರರವರಿಗೆ ಮೂರು ಪಟ್ಟು ತೂಕ ಕೊಟ್ಟಿತು.

ಬೆಂಜೀನ್: ಒಂದು ಲೆಕ್ಕ

ಈ ಗುಣಕಗಳು ಹೇಗೆ ಕೆಲಸ ಮಾಡುತ್ತವೆಂದು ತೋರಿಸಲು ಪೆಟ್ರೋಲಿನ ಅಂಗವೂ ರಕ್ತದ ಕ್ಯಾನ್ಸರಿಗೆ ಕಾರಣವೂ ಆದ ಬೆಂಜೀನ್ ಒಳ್ಳೆಯ ಉದಾಹರಣೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2003ರಲ್ಲಿ ಇದರ ಉಲ್ಲೇಖ ಸಾಂದ್ರತೆಯನ್ನು ನಿಗದಿ ಮಾಡುವಾಗ ಶಾಂಘೈನ 44 ಕಾರ್ಮಿಕರನ್ನು, ಬೆಂಜೀನಿಗೆ ಮೈಯೊಡ್ಡದ 44 ಮಂದಿಯೊಡನೆ ಹೋಲಿಸಿದ ಅಧ್ಯಯನವನ್ನು ಆಧರಿಸಿತು. ಕಾರ್ಮಿಕರ ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳು ಕಡಿಮೆಯಾಗಿದ್ದವು. ಕೆಲಸದ ವೇಳೆಯ ಒಡ್ಡಿಕೆಯನ್ನು ದಿನವಿಡೀ ಉಸಿರಾಟಕ್ಕೆ ಹೊಂದಿಸಿದಾಗ ಘನ ಮೀಟರಿಗೆ 8.2 ಮಿಲಿಗ್ರಾಂ ಎಂಬ ಆರಂಭಬಿಂದು ಸಿಕ್ಕಿತು. ಆ ಬಿಂದುವಿನಲ್ಲಿಯೇ ಅಲ್ಪ ಪರಿಣಾಮ ಇರುವುದಕ್ಕೆ 3, ಜನರ ನಡುವಿನ ವ್ಯತ್ಯಾಸಕ್ಕೆ 10, ಒಡ್ಡಿಕೆ ಇಡೀ ಜೀವಮಾನದ್ದಲ್ಲದ್ದರಿಂದ 3, ಉಳಿದ ಮಾಹಿತಿಯ ಕೊರತೆಗೆ 3. ಇಲ್ಲಿ 3 ಎಂದರೆ ಹತ್ತರ ವರ್ಗಮೂಲ. ಒಟ್ಟು ಗುಣಕವನ್ನು 300 ಎಂದು ಹಿಡಿದು ಭಾಗಿಸಿದಾಗ ಬಂದದ್ದು 0.03 ಮಿಲಿಗ್ರಾಂ, ಅಂದರೆ 30 ಮೈಕ್ರೋಗ್ರಾಂ.

ಅಧ್ಯಯನ ಮನುಷ್ಯರ ಮೇಲೆಯೇ ನಡೆದಿದ್ದರೂ ಹತ್ತರ ಗುಣಕವನ್ನು ಕೈಬಿಡಲಿಲ್ಲ. ಕಾರ್ಖಾನೆಗೆ ಹೋಗುವವರು ದುಡಿಯಬಲ್ಲ ವಯಸ್ಕರು. ಅವರಲ್ಲಿ ಹಸುಗೂಸಿಲ್ಲ, ವೃದ್ಧರಿಲ್ಲ, ಹಾಸಿಗೆ ಹಿಡಿದವರಿಲ್ಲ. ಕಾಯಿಲೆ ಬಿದ್ದವರು ಕೆಲಸ ಬಿಟ್ಟಿರುತ್ತಾರೆ. ಹೀಗಾಗಿ ಕಾರ್ಮಿಕರ ಅಂಕಿಗಳು ಇಡೀ ಜನಸಮುದಾಯಕ್ಕಿಂತ ಸಾಮಾನ್ಯವಾಗಿ ಹೆಚ್ಚು ಗಟ್ಟಿಮುಟ್ಟಾದವರ ಚಿತ್ರವನ್ನೇ ಕೊಡುತ್ತವೆ. ಕಾರ್ಮಿಕರೊಳಗೂ ಭೇದವಿತ್ತು. ಚೀನಾದ ಕಾರ್ಮಿಕರ ಕುರಿತ 1997ರ ಇನ್ನೊಂದು ಅಧ್ಯಯನದಲ್ಲಿ, ಬೆಂಜೀನನ್ನು ವೇಗವಾಗಿ ವಿಷವಸ್ತುವಾಗಿಸುವ ಕಿಣ್ವವಿದ್ದು ಆ ವಿಷವನ್ನು ಇಳಿಸುವ ಇನ್ನೊಂದು ಕಿಣ್ವದ ಕೊರತೆಯೂ ಇದ್ದವರಲ್ಲಿ, ಇದಕ್ಕೆ ತದ್ವಿರುದ್ಧ ದೇಹಗುಣದವರಿಗಿಂತ ಬೆಂಜೀನ್ ವಿಷಬಾಧೆಯ ಅಪಾಯ 7.6 ಪಟ್ಟು ಕಂಡುಬಂತು.

ಕ್ಯಾನ್ಸರಿನ ವಿಷಯದಲ್ಲಿ ಸುರಕ್ಷಿತ ಮಟ್ಟ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಅಂದಾಜಿನಂತೆ, ಜೀವಮಾನವಿಡೀ ಘನ ಮೀಟರಿಗೆ 1 ಮೈಕ್ರೋಗ್ರಾಂ ಬೆಂಜೀನ್ ಉಸಿರಾಡುವ ಹತ್ತು ಲಕ್ಷ ಜನರಲ್ಲಿ 6 ಹೆಚ್ಚುವರಿ ರಕ್ತಕ್ಯಾನ್ಸರ್ ಪ್ರಕರಣ ನಿರೀಕ್ಷಿಸಬಹುದು. ಭಾರತದ ವಾರ್ಷಿಕ ಮಿತಿ 5 ಮೈಕ್ರೋಗ್ರಾಂ. ಆ ಮಟ್ಟದಲ್ಲಿ ಹತ್ತು ಲಕ್ಷಕ್ಕೆ 30. ಇದು ಸರಾಸರಿ. ಪೆಟ್ರೋಲ್ ಬಂಕಿನಲ್ಲಿ ದಿನವಿಡೀ ನಳಿಕೆ ಹಿಡಿದು ನಿಲ್ಲುವವರ ಒಡ್ಡಿಕೆಯೂ ಅವರ ಕಿಣ್ವಗಳ ಬಗೆಯೂ ಈ ಸರಾಸರಿಯೊಳಗೆ ಕಾಣುವುದಿಲ್ಲ.

ಒಡ್ಡಿಕೆಯ ವ್ಯತ್ಯಾಸ

ಮಾಪನ ಕೇಂದ್ರದ ಅಂಕಿ ಊರಿನ ಗಾಳಿಯದ್ದು. ವ್ಯಕ್ತಿ ಉಸಿರಾಡುವುದು ತಾನಿರುವ ಜಾಗದ ಗಾಳಿಯನ್ನು. ದೆಹಲಿಯ ಆಟೊರಿಕ್ಷಾಗಳಲ್ಲಿ 2010ರಲ್ಲಿ ನಡೆಸಿದ ಅಳತೆಗಳು ಈ ಅಂತರವನ್ನು ತೋರಿಸಿದವು. ಊರಿನ ಸಾಮಾನ್ಯ ಗಾಳಿಗೆ ಹೋಲಿಸಿದರೆ ಆಟೊದೊಳಗೆ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಪ್ರಮಾಣ ಸುಮಾರು ಒಂದೂವರೆ ಪಟ್ಟು ಇತ್ತು. ಇನ್ನೂ ಸಣ್ಣದಾದ ಅತಿಸೂಕ್ಷ್ಮ ಕಣಗಳ ಸಂಖ್ಯೆ ಎಂಟು ಪಟ್ಟಿಗೂ ಹೆಚ್ಚಿತ್ತು. ಪ್ರಯಾಣಿಕರು ಅರ್ಧ ಗಂಟೆಯಲ್ಲಿ ಇಳಿದುಹೋದರೂ ಚಾಲಕರು ಹಗಲೆಲ್ಲ ಅದೇ ಗಾಳಿಯಲ್ಲಿ ಕೂತಿರುತ್ತಾರೆ.

ಗಾಳಿ ಒಂದೇ ಇದ್ದರೂ ಒಳಸೇರುವ ಪ್ರಮಾಣ ಕೆಲಸದ ಮೇಲೆ ನಿಂತಿದೆ. ಕುಳಿತು ಕೆಲಸ ಮಾಡುವ ವಯಸ್ಕರು ಗಂಟೆಗೆ ಸುಮಾರು ಅರ್ಧ ಘನ ಮೀಟರ್ ಗಾಳಿ ಎಳೆದುಕೊಂಡರೆ ಇಟ್ಟಿಗೆ ಹೊರುವವರು ಒಂದೂವರೆ ಘನ ಮೀಟರ್ ಎಳೆದುಕೊಳ್ಳುತ್ತಾರೆ ಎಂದುಕೊಳ್ಳೋಣ. ಪಿಎಂ 2.5 ಘನ ಮೀಟರಿಗೆ 100 ಮೈಕ್ರೋಗ್ರಾಂ ಇರುವ ದಿನ, ಎಂಟು ಗಂಟೆಯಲ್ಲಿ ಮೊದಲನೆಯವರ ಒಳಗೆ ಹೋಗುವುದು 400 ಮೈಕ್ರೋಗ್ರಾಂ, ಎರಡನೆಯವರ ಒಳಗೆ 1,200. ಏದುಸಿರು ಬಿಡುವವರು ಬಾಯಿಯಿಂದಲೂ ಉಸಿರಾಡುತ್ತಾರೆ. ಗಂಧಕದ ಡೈಆಕ್ಸೈಡ್, ಫಾರ್ಮಾಲ್ಡಿಹೈಡ್‌ನಂಥ ನೀರಿನಲ್ಲಿ ಬೇಗ ಕರಗುವ ಅನಿಲಗಳನ್ನು ಮೂಗು ಬಹುಪಾಲು ತಡೆಯುತ್ತದೆ. ಬಾಯಿಯ ದಾರಿಯಲ್ಲಿ ಅವು ಇನ್ನಷ್ಟು ಆಳಕ್ಕೆ ಇಳಿಯುತ್ತವೆ.

ವಾಸದ ಜಾಗವೂ ಲೆಕ್ಕಕ್ಕೆ ಬರುತ್ತದೆ. ಸೀಲಂಪುರದ ಇ-ತ್ಯಾಜ್ಯದ ಗೂಡುಗಳಲ್ಲಿ ತಂತಿ ಸುಡುವ ಹೊಗೆ, ವಜೀರ್‌ಪುರದ ಉಕ್ಕಿನ ಘಟಕಗಳಲ್ಲಿ ತಗಡು ತೊಳೆಯುವ ಆಮ್ಲದ ಆವಿ, ಗಾಜಿಪುರ ಮತ್ತು ಭಲಸ್ವಾದ ಕಸದ ಗುಡ್ಡಗಳಿಗೆ ಬೆಂಕಿ ಬಿದ್ದಾಗಿನ ಹೊಗೆ ಮೊದಲು ಸೇರುವುದು ಪಕ್ಕದ ವಸತಿಗಳನ್ನೇ. ಗಾಳಿಶೋಧಕ ಯಂತ್ರ ಕೊಳ್ಳಬಲ್ಲ ಮನೆಯ ಒಳಗಾಳಿಗೂ ಕಿಟಕಿಗೆ ಗೋಣಿ ಕಟ್ಟಿದ ಮನೆಯ ಒಳಗಾಳಿಗೂ ಅಂತರ ದೊಡ್ಡದು.

ವಯಸ್ಸು

ಒಂದು ವರ್ಷದೊಳಗಿನ ಶಿಶು ದಿನಕ್ಕೆ ಸುಮಾರು 5 ಘನ ಮೀಟರ್ ಗಾಳಿ ಉಸಿರಾಡುತ್ತದೆ, ವಯಸ್ಕರು ಸುಮಾರು 16. ಮೇಲ್ನೋಟಕ್ಕೆ ಶಿಶುವಿನ ಪಾಲು ಕಡಿಮೆ. ಮೈತೂಕದ ಕಿಲೋಗ್ರಾಂ ಒಂದಕ್ಕೆ ಲೆಕ್ಕ ಹಾಕಿದರೆ ಅದು ವಯಸ್ಕರ ಸುಮಾರು ಮೂರು ಪಟ್ಟು. ಹುಟ್ಟುವಾಗ ಶ್ವಾಸಕೋಶದ ಗಾಳಿಗೂಡುಗಳು ಕೆಲವು ಕೋಟಿ ಮಾತ್ರ ಇದ್ದು, ಬೆಳೆದವರಲ್ಲಿ 30 ಕೋಟಿ ಅಥವಾ ಅದಕ್ಕೂ ಹೆಚ್ಚಾಗುತ್ತವೆ. ಶ್ವಾಸಕೋಶ ಕಟ್ಟಿಕೊಳ್ಳುವ ಈ ಕಾಲದಲ್ಲಿ ಬಿದ್ದ ಪೆಟ್ಟು ಮುಂದಿನ ಸಾಮರ್ಥ್ಯವನ್ನೇ ತಗ್ಗಿಸುತ್ತದೆ. ಇಳಿವಯಸ್ಸಿನಲ್ಲಿ ಕಣಗಳನ್ನು ಮೇಲಕ್ಕೆ ತಳ್ಳಿ ಹೊರಹಾಕುವ ವ್ಯವಸ್ಥೆ ನಿಧಾನವಾಗುತ್ತದೆ. ಹೃದಯ, ರಕ್ತನಾಳಗಳ ಹಳೆಯ ತೊಂದರೆಗಳೂ ಜೊತೆಗೂಡುತ್ತವೆ.

ಕಾಯಿಲೆ ಮತ್ತು ಪೋಷಣೆ

ಗಂಧಕದ ಡೈಆಕ್ಸೈಡ್ ವಿಷಯದಲ್ಲಿ ಕಾಯಿಲೆಯ ಪಾತ್ರ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ಅಸ್ತಮಾ ಇರುವವರು ವ್ಯಾಯಾಮ ಮಾಡುತ್ತ ಹತ್ತು ಲಕ್ಷದಲ್ಲಿ 0.2ರಿಂದ 0.6 ಪಾಲು ಅನಿಲವಿರುವ ಗಾಳಿಯನ್ನು ಐದು-ಹತ್ತು ನಿಮಿಷ ಉಸಿರಾಡಿದರೆ ಸಾಕು, ಅವರಲ್ಲಿ ಹಲವರಿಗೆ ಉಸಿರುನಾಳ ಬಿಗಿಯುತ್ತದೆ. ಆರೋಗ್ಯವಂತರಲ್ಲಿ ಅಂಥ ಪರಿಣಾಮ ಕಾಣಲು ಇದಕ್ಕಿಂತ ಬಹಳ ಹೆಚ್ಚು ಬೇಕು. ಅಮೆರಿಕ 2010ರಲ್ಲಿ ಈ ಅನಿಲಕ್ಕೆ ಒಂದು ಗಂಟೆಯ ಮಿತಿ ತಂದದ್ದು ಈ ಅಸ್ತಮಾ ರೋಗಿಗಳನ್ನು ಮುಂದಿಟ್ಟುಕೊಂಡೇ.

ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಚಳಿಗಾಲದ ದೆಹಲಿಯಲ್ಲಿ ಬಾಗಿಲು ಮುಚ್ಚಿದ ಕೋಣೆಯೊಳಗೆ ಇದ್ದಿಲಿನ ಅಂಗೀಠಿ ಉರಿಸಿ ಮಲಗಿದವರು ಸಾಯುವುದು ಇದರಿಂದಲೇ. ಕಡಿಮೆ ಪ್ರಮಾಣದಲ್ಲಿ ಮೊದಲು ತೊಂದರೆಗೆ ಸಿಗುವವರು ಹೃದಯದ ರಕ್ತನಾಳ ಕಿರಿದಾದವರು, ಗರ್ಭಿಣಿಯರ ಹೊಟ್ಟೆಯಲ್ಲಿರುವ ಶಿಶುಗಳು ಮತ್ತು ಹಿಮೋಗ್ಲೋಬಿನ್ ಮೊದಲೇ ಕಡಿಮೆ ಇರುವವರು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು, ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ರಕ್ತಹೀನರು. ಪಾಶ್ಚಾತ್ಯ ಪಠ್ಯಗಳಲ್ಲಿ ಸೂಕ್ಷ್ಮ ಜನವರ್ಗ ಎಂದರೆ ಅಲ್ಪಸಂಖ್ಯೆಯ ಒಂದು ಅಂಚು. ಇಲ್ಲಿ ಮಕ್ಕಳು, ವೃದ್ಧರು, ರಕ್ತಹೀನರು, ಅಸ್ತಮಾ ಮತ್ತು ಹೃದ್ರೋಗದವರು, ಬಯಲಿನಲ್ಲಿ ದುಡಿಯುವವರು ಎಲ್ಲರನ್ನೂ ಕೂಡಿಸಿದರೆ ಆ ಅಂಚನ್ನು ಅಂಚು ಎನ್ನುವುದೇ ಕಷ್ಟ.

ವಂಶವಾಹಿ

ಒಳಸೇರಿದ ವಿಷವನ್ನು ಇಳಿಸುವ ಕಿಣ್ವಗಳಲ್ಲಿ ಜಿಎಸ್‌ಟಿಎಂ1 ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು. ಇದರ ವಂಶವಾಹಿ ಯುರೋಪಿನ ಮೂಲದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇರುವುದೇ ಇಲ್ಲ. ಭಾರತದಲ್ಲಿ ನಡೆದ ಬಹುಪಾಲು ಅಧ್ಯಯನಗಳಲ್ಲಿ ಈ ಪಾಲು ಅದಕ್ಕಿಂತ ಕಡಿಮೆ. ಮೆಕ್ಸಿಕೊ ನಗರದ ಒಂದು ಅಧ್ಯಯನದಲ್ಲಿ, ಅಸ್ತಮಾ ಇರುವ ಮಕ್ಕಳ ಪೈಕಿ ಈ ವಂಶವಾಹಿ ಇಲ್ಲದವರ ಮೇಲೆ ಓಜೋನ್ ಹೆಚ್ಚು ಪರಿಣಾಮ ಬೀರಿತು. ಸಿ ಮತ್ತು ಇ ಜೀವಸತ್ವಗಳನ್ನು ಕೊಟ್ಟಾಗ ಹೆಚ್ಚು ಪ್ರಯೋಜನ ಪಡೆದವರೂ ಅವರೇ. ವಂಶವಾಹಿ, ಆಹಾರ ಮತ್ತು ಮಾಲಿನ್ಯ ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುತ್ತವೆ ಎಂಬುದಕ್ಕೆ ಇದು ಸಾಕ್ಷಿ.

ಬೇರೊಂದು ಜನಸಮುದಾಯದಲ್ಲಿ ಅಳೆದ ಅಂಕಿಯನ್ನು ಭಾರತಕ್ಕೆ ತಂದು ಕೂರಿಸುವುದು ಆದ್ದರಿಂದ ಸರಿಯಲ್ಲ. ದೆಹಲಿಯ ಜೀನೋಮಿಕ್ಸ್ ಮತ್ತು ಸಮಗ್ರ ಜೀವವಿಜ್ಞಾನ ಸಂಸ್ಥೆ ಮುನ್ನಡೆಸಿದ ಭಾರತೀಯ ಜೀನೋಮ್ ವೈವಿಧ್ಯ ಒಕ್ಕೂಟವು 2008ರಲ್ಲಿ 55 ಜನಸಮುದಾಯಗಳ ಫಲಿತಾಂಶ ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಸಂಯೋಜಿಸಿದ ಜೀನೋಮ್ ಇಂಡಿಯಾ ಯೋಜನೆ ಎಂಬತ್ತಕ್ಕೂ ಹೆಚ್ಚು ಸಮುದಾಯಗಳ ಸುಮಾರು 10,000 ಮಂದಿಯ ಪೂರ್ಣ ಜೀನೋಮ್ ಓದಿದೆ. ಅದರ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದನ್ನು ಇಟ್ಟಿರುವುದು ಎನ್‌ಸಿಆರ್‌ನೊಳಗಿನ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ.

ದೆಹಲಿಯ ಅಧ್ಯಯನಗಳು

ಅರ್ಥಶಾಸ್ತ್ರಜ್ಞೆ ಮೌರೀನ್ ಕ್ರಾಪರ್ ಮತ್ತು ಸಂಗಡಿಗರು 1991–94ರ ದೆಹಲಿಯ ಸಾವುಗಳನ್ನು ದಿನದಿನದ ಧೂಳಿನ ಮಟ್ಟದೊಡನೆ ಹೋಲಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ವ್ಯತ್ಯಾಸದ ದೃಷ್ಟಿಯಿಂದ ಮಹತ್ವದ್ದು. ಗಾಳಿಯಲ್ಲಿ ತೇಲುವ ಒಟ್ಟು ಕಣಗಳು ಘನ ಮೀಟರಿಗೆ 100 ಮೈಕ್ರೋಗ್ರಾಂ ಹೆಚ್ಚಿದರೆ ಅಪಘಾತೇತರ ಸಾವುಗಳು ಶೇ 2.3ರಷ್ಟು ಏರಿದವು. ಇದು ಅಮೆರಿಕದ ನಗರಗಳಲ್ಲಿ ಕಂಡದ್ದಕ್ಕಿಂತ ಕಡಿಮೆ. ಆದರೆ ಅಲ್ಲಿ ಹೆಚ್ಚು ಪೆಟ್ಟು ತಿಂದವರು 65 ದಾಟಿದವರು. ದೆಹಲಿಯಲ್ಲಿ 15ರಿಂದ 44ರವರು. ಆದ್ದರಿಂದ ಒಂದೊಂದು ಸಾವಿನಲ್ಲೂ ಕಳೆದುಹೋದ ಬದುಕಿನ ವರ್ಷಗಳು ಇಲ್ಲಿ ಹೆಚ್ಚು. ಅಮೆರಿಕದ ವಯೋಮಾನದ ಅಂಕಿಯನ್ನು ತಂದು ದೆಹಲಿಯ ಹಾನಿ ಲೆಕ್ಕ ಹಾಕಿದ್ದರೆ ಈ ಸಂಗತಿ ಸಂಪೂರ್ಣ ಮುಚ್ಚಿಹೋಗುತ್ತಿತ್ತು.

ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ 1997–98ರಲ್ಲಿ ಬಂದವರ ದಾಖಲೆಗಳನ್ನು ಜೆ.ಎನ್. ಪಾಂಡೆ ಮತ್ತು ಸಂಗಡಿಗರು ಪರಿಶೀಲಿಸಿದರು. ಮಾಲಿನ್ಯ ಮಿತಿ ಮೀರಿದ್ದರಿಂದ ಅಸ್ತಮಾ ಪ್ರಕರಣಗಳು ಶೇ 21.3, ದೀರ್ಘಕಾಲದ ಶ್ವಾಸನಾಳ ರೋಗದ ಪ್ರಕರಣಗಳು ಶೇ 24.9, ತೀವ್ರ ಹೃದಯಾಘಾತದಂಥವು ಶೇ 24.3 ಹೆಚ್ಚಿದ್ದವೆಂದು 2002ರಲ್ಲಿ ವರದಿ ಮಾಡಿದರು.

ಮಕ್ಕಳ ಕುರಿತ ದೊಡ್ಡ ಅಧ್ಯಯನ ಕೋಲ್ಕತ್ತದ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗಾಗಿ ಮಾಡಿದ್ದು. ದೆಹಲಿಯ 36 ಶಾಲೆಗಳ 11,628 ಮಕ್ಕಳಲ್ಲಿ ಶೇ 43.5 ಮಂದಿಯ ಶ್ವಾಸಕೋಶದ ಸಾಮರ್ಥ್ಯ ಕುಗ್ಗಿತ್ತು. ಹೋಲಿಕೆಗೆ ತೆಗೆದುಕೊಂಡ ಕಡಿಮೆ ಮಾಲಿನ್ಯದ ಪ್ರದೇಶಗಳ ಮಕ್ಕಳಲ್ಲಿ ಈ ಪ್ರಮಾಣ ಶೇ 25.7. ಕರ್ನಾಟಕದ ನಗರವೊಂದು ಹೋಲಿಕೆಗೆ ನಿಂತ ಅಧ್ಯಯನವೂ ಇದೆ. ದೆಹಲಿ, ಕೇರಳದ ಕೋಟ್ಟಯಂ ಮತ್ತು ಮೈಸೂರಿನ 12 ಖಾಸಗಿ ಶಾಲೆಗಳ 3,157 ಹದಿಹರೆಯದವರನ್ನು ಸ್ಪೈರೋಮೆಟ್ರಿ ಯಂತ್ರಕ್ಕೆ ಊದಿಸಿ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಉಸಿರುನಾಳದ ತಡೆ ದೆಹಲಿಯಲ್ಲಿ ಸುಮಾರು ಶೇ 29, ಇನ್ನೆರಡು ಊರುಗಳಲ್ಲಿ ಸುಮಾರು ಶೇ 23. ದೆಹಲಿಯ ಮಕ್ಕಳಲ್ಲಿ ಅತಿತೂಕದವರು ಶೇ 39.8, ಉಳಿದೆಡೆ ಶೇ 16.4, ತೂಕ ಹೆಚ್ಚಿದ್ದವರಲ್ಲಿಯೇ ತಡೆಯೂ ಹೆಚ್ಚಿತ್ತು. ಗಾಳಿಯ ದೋಷ ಎಷ್ಟು, ತೂಕದ ದೋಷ ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಮಗುವಿನ ಮೈಯಲ್ಲಿ ಅವೆರಡೂ ಬೇರೆಯಾಗಿ ಇರುವುದೂ ಇಲ್ಲ.

ಕುಗ್ಗಿದ ಸಾಮರ್ಥ್ಯ ಎಂದು ಹೇಳಲು ಸಹಜ ಸಾಮರ್ಥ್ಯ ಎಷ್ಟೆಂಬ ಅಳತೆಗೋಲು ಬೇಕು. ಅಂತರರಾಷ್ಟ್ರೀಯವಾಗಿ ಬಳಕೆಗೆ ಬಂದ 2012ರ ಸೂತ್ರಗಳಲ್ಲಿ ಭಾರತೀಯರಿಗೆ ಪ್ರತ್ಯೇಕ ವರ್ಗವಿರಲಿಲ್ಲ. ಭಾರತೀಯರ ಶ್ವಾಸಕೋಶ ಜನಾಂಗೀಯವಾಗಿಯೇ ಚಿಕ್ಕದೆಂದು ಒಪ್ಪಿ ಅಳತೆಗೋಲನ್ನು ತಗ್ಗಿಸಿದರೆ, ಅಪೌಷ್ಟಿಕತೆ ಮತ್ತು ಕೆಟ್ಟ ಗಾಳಿಯಿಂದಾದ ನಷ್ಟವೂ ಸಹಜ ಎನಿಸಿಬಿಡುತ್ತದೆ. ಅಮೆರಿಕದ ಥೊರಾಸಿಕ್ ಸೊಸೈಟಿ 2023ರಲ್ಲಿ ಜನಾಂಗಭೇದವಿಲ್ಲದ ಸೂತ್ರಗಳನ್ನು ಬಳಸುವಂತೆ ಸೂಚಿಸಿತು.

ಅನಿಲ ಸೋರಿಕೆಗಳು

ಅಲ್ಪಾವಧಿಯ ತೀವ್ರ ಒಡ್ಡಿಕೆಗೂ ದೆಹಲಿಯಲ್ಲಿ ಉದಾಹರಣೆಗಳಿವೆ. ಭೋಪಾಲ ದುರಂತಕ್ಕೆ ವರ್ಷ ತುಂಬಿದ ಬೆನ್ನಲ್ಲೇ, 1985ರ ಡಿಸೆಂಬರ್ 4ರಂದು, ಶ್ರೀರಾಮ್ ಫುಡ್ಸ್ ಆ್ಯಂಡ್ ಫರ್ಟಿಲೈಸರ್ಸ್ ಘಟಕದಿಂದ ಓಲಿಯಂ ಅನಿಲ ಸೋರಿತು. ಗಾಳಿಯ ತೇವ ಸೇರಿದೊಡನೆ ಅದು ಗಂಧಕಾಮ್ಲದ ಮಂಜಾಗುತ್ತದೆ. ಟೀಸ್ ಹಜಾರಿ ನ್ಯಾಯಾಲಯದ ವಕೀಲರೊಬ್ಬರು ಇದರಿಂದ ಮೃತಪಟ್ಟರೆಂದು, ಇನ್ನು ಹಲವರು ಅಸ್ವಸ್ಥರಾದರೆಂದು ಸುಪ್ರೀಂ ಕೋರ್ಟಿನ ಮುಂದೆ ಹೇಳಲಾಯಿತು. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ನೇತೃತ್ವದ ಪೀಠ 1986ರ ಡಿಸೆಂಬರ್ 20ರಂದು, ಅಪಾಯಕಾರಿ ಉದ್ಯಮ ನಡೆಸುವವರು ಹಾನಿಗೆ ಯಾವ ವಿನಾಯಿತಿಯೂ ಇಲ್ಲದೆ ಸಂಪೂರ್ಣ ಹೊಣೆ ಎಂದು ತೀರ್ಪು ಕೊಟ್ಟಿತು. ಮರುವರ್ಷ ಕಾರ್ಖಾನೆ ಕಾಯಿದೆಗೆ ತಿದ್ದುಪಡಿಯಾಗಿ, ಕೆಲಸದ ಜಾಗದ ಗಾಳಿಯಲ್ಲಿ ರಾಸಾಯನಿಕಗಳ ಮಿತಿಗಳ ಪಟ್ಟಿ ಕಾನೂನಿನೊಳಗೆ ಬಂತು. ಈ ಮಿತಿಗಳು ದುಡಿಯುವ ವಯಸ್ಕರಿಗಾಗಿ ಇರುವವು, ಗೋಡೆಯಾಚೆಯ ಮಗುವಿಗಲ್ಲ.

ಗೋಡೆಯಾಚೆಯ ಮಕ್ಕಳ ಪ್ರಶ್ನೆ 2017ರ ಮೇ 6ರಂದು ತುಘಲಕಾಬಾದಿನಲ್ಲಿ ಎದುರಾಯಿತು. ಅಲ್ಲಿನ ಕಂಟೇನರ್ ಡಿಪೊದ ಬಳಿ ಕೀಟನಾಶಕ ತಯಾರಿಕೆಯಲ್ಲಿ ಬಳಸುವ ಕ್ಲೋರೋಮೀಥೈಲ್ ಪಿರಿಡೀನ್ ಸೋರಿ, ಪಕ್ಕದ ಹೆಣ್ಣುಮಕ್ಕಳ ಸರ್ಕಾರಿ ಶಾಲೆಗಳ ನೂರಾರು ವಿದ್ಯಾರ್ಥಿನಿಯರು ಕಣ್ಣುರಿ, ಗಂಟಲುರಿ, ಉಸಿರುಕಟ್ಟುವಿಕೆಯಿಂದ ಆಸ್ಪತ್ರೆ ಸೇರಿದರು. ಹೆಚ್ಚಿನವರು ಬೇಗ ಚೇತರಿಸಿಕೊಂಡರು. ಇಂಥ ಸಂದರ್ಭಗಳಿಗೆಂದೇ ಅಮೆರಿಕದಲ್ಲಿ ಹತ್ತು ನಿಮಿಷದಿಂದ ಎಂಟು ಗಂಟೆಯವರೆಗಿನ ಐದು ಅವಧಿಗಳಿಗೆ ತುರ್ತು ಒಡ್ಡಿಕೆಯ ಮಟ್ಟಗಳನ್ನು ಸಿದ್ಧಪಡಿಸಿದ್ದಾರೆ. ಸೂಕ್ಷ್ಮ ವ್ಯಕ್ತಿಗಳೂ ಸೇರಿದ ಸಾಮಾನ್ಯ ಜನರನ್ನು ಲೆಕ್ಕಕ್ಕೆ ಹಿಡಿಯುವುದು ಅವುಗಳ ಷರತ್ತು.

ಮಾನದಂಡ, ಸೂಚ್ಯಂಕ ಮತ್ತು ಕ್ರಿಯಾಯೋಜನೆ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರ ನವೆಂಬರ್ 18ರಂದು ಹೊರಡಿಸಿದ ರಾಷ್ಟ್ರೀಯ ಮಾನದಂಡಗಳಲ್ಲಿ 12 ವಸ್ತುಗಳಿಗೆ ಮಿತಿಯಿದೆ. ಪಿಎಂ 2.5ರ ವಾರ್ಷಿಕ ಮಿತಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ಭಾರತದ ಪಟ್ಟಿಯಲ್ಲಿ ಎರಡು ಅಂಕಣಗಳಿವೆ: ಒಂದು ಸಾಮಾನ್ಯ ಪ್ರದೇಶಗಳಿಗೆ, ಇನ್ನೊಂದು ಪರಿಸರಸೂಕ್ಷ್ಮ ಪ್ರದೇಶಗಳಿಗೆ. ಗಂಧಕದ ಡೈಆಕ್ಸೈಡ್‌ನ ವಾರ್ಷಿಕ ಮಿತಿ ಮೊದಲನೆಯದರಲ್ಲಿ 50, ಎರಡನೆಯದರಲ್ಲಿ 20. ಸೂಕ್ಷ್ಮ ಜಾಗಗಳಿಗೆ ಬೇರೆ ಅಂಕಣ ಉಂಟು. ಶಾಲೆ, ಆಸ್ಪತ್ರೆಗಳಲ್ಲಿರುವ ಸೂಕ್ಷ್ಮ ಜನರಿಗೆ ಇಲ್ಲ.

ಜನರ ಭೇದ ನೇರವಾಗಿ ಕಾಣುವುದು 2015ರಿಂದ ಜಾರಿಯಲ್ಲಿರುವ ವಾಯು ಗುಣಮಟ್ಟ ಸೂಚ್ಯಂಕದ ಎಚ್ಚರಿಕೆಗಳಲ್ಲಿ. 101ರಿಂದ 200ರ ಮಧ್ಯಮ ಹಂತದಲ್ಲಿ ಶ್ವಾಸಕೋಶದ ರೋಗಿಗಳು, ಹೃದ್ರೋಗಿಗಳು, ಮಕ್ಕಳು ಮತ್ತು ವೃದ್ಧರಿಗೆ ತೊಂದರೆ ಆಗಬಹುದು ಎನ್ನುತ್ತದೆ. ಆರೋಗ್ಯವಂತರಿಗೂ ಉಸಿರಿನ ತೊಂದರೆ ಎಂಬ ಮಾತು ಬರುವುದು 400 ದಾಟಿದ ಮೇಲೆ. ಈ ಸೂಚ್ಯಂಕ ಎಂಟು ವಸ್ತುಗಳನ್ನು ಆಧರಿಸಿದ್ದು, ಬೆಂಜೀನ್ ಅವುಗಳಲ್ಲಿಲ್ಲ.

ಸೂಚ್ಯಂಕ ಏರಿದಂತೆ ಹಂತಹಂತದ ಕ್ರಿಯಾಯೋಜನೆ, ಅಂದರೆ ಗ್ರಾಪ್, ಜಾರಿಯಾಗುತ್ತದೆ. 2017ರಲ್ಲಿ ಅಧಿಸೂಚಿತವಾದ ಇದನ್ನು ಈಗ ನಡೆಸುವುದು 2021ರ ಕಾಯಿದೆಯಡಿ ರೂಪುಗೊಂಡ ವಾಯು ಗುಣಮಟ್ಟ ನಿರ್ವಹಣಾ ಆಯೋಗ. ಇದರ ಮೇಲಿನ ಹಂತಗಳಲ್ಲಿ ಕಟ್ಟಡ ಕೆಲಸ ನಿಲ್ಲುತ್ತದೆ. ಶಾಲೆಗಳು ಪೂರ್ತಿಯಾಗಿ ಅಥವಾ ಭಾಗಶಃ ಆನ್‌ಲೈನ್ ಆಗುತ್ತವೆ.

ನ್ಯಾಯಾಲಯಗಳಲ್ಲಿ

ಪಟಾಕಿ ನಿಷೇಧ ಕೋರಿ 2015ರಲ್ಲಿ ಸುಪ್ರೀಂ ಕೋರ್ಟಿಗೆ ಬಂದ ಅರ್ಜಿಯ ಅರ್ಜಿದಾರರು ಆರರಿಂದ ಹದಿನಾಲ್ಕು ತಿಂಗಳ ಮೂವರು ಹಸುಗೂಸುಗಳು. ಅವರ ಪರವಾಗಿ ತಂದೆಯರು ನಿಂತರು. ಬೆಳೆಯುತ್ತಿರುವ ಶ್ವಾಸಕೋಶ ಮಾಲಿನ್ಯವನ್ನು ತಾಳದು ಎಂಬುದೇ ವಾದದ ತಿರುಳು. ಇದೇ ಪ್ರಕರಣದಲ್ಲಿ 2018ರ ಅಕ್ಟೋಬರಿನಲ್ಲಿ ಕಡಿಮೆ ಹೊಗೆಯ ಹಸಿರು ಪಟಾಕಿಗಳಿಗೆ ಮಾತ್ರ ಅವಕಾಶ ಕೊಡುವ ಆದೇಶ ಬಂತು.

2024ರ ನವೆಂಬರಿನಲ್ಲಿ ಶಾಲೆಗಳು ಮುಚ್ಚಿದಾಗ ನ್ಯಾಯಾಲಯ ಇನ್ನೊಂದು ಮುಖವನ್ನೂ ಗಮನಿಸಿತು. ಅನೇಕ ಮಕ್ಕಳಿಗೆ ಮಧ್ಯಾಹ್ನದ ಬಿಸಿಯೂಟ ತಪ್ಪುತ್ತಿದೆ, ಆನ್‌ಲೈನ್ ಪಾಠಕ್ಕೆ ಸೌಕರ್ಯವಿಲ್ಲ, ಮನೆಯಲ್ಲಿ ಗಾಳಿಶೋಧಕವೂ ಇಲ್ಲದ್ದರಿಂದ ಮನೆಯಲ್ಲಿದ್ದರೂ ಶಾಲೆಯಲ್ಲಿದ್ದರೂ ಅವರಿಗೆ ವ್ಯತ್ಯಾಸವಿಲ್ಲ ಎಂದು ಹೇಳಿ, ನಿರ್ಬಂಧ ಸಡಿಲಿಸುವ ಬಗ್ಗೆ ಯೋಚಿಸಲು ಆಯೋಗಕ್ಕೆ ಸೂಚಿಸಿತು. ಕಾಮಗಾರಿ ನಿಂತು ಕೂಲಿ ಕಳೆದುಕೊಂಡ ಕಟ್ಟಡ ಕಾರ್ಮಿಕರಿಗೆ ಕಾರ್ಮಿಕ ಸೆಸ್ ನಿಧಿಯಿಂದ ಜೀವನಾಧಾರ ಭತ್ಯೆ ಕೊಡಬೇಕೆಂದು 2021ರಲ್ಲೂ 2024ರಲ್ಲೂ ಆದೇಶಿಸಿತು. ಕೆಲಸ ನಿಲ್ಲಿಸಿ ಒಡ್ಡಿಕೆ ತಗ್ಗಿಸುವ ಕ್ರಮವೇ ಊಟಕ್ಕೆ ಸಂಚಕಾರ ತಂದರೆ ಅದೇ ಜನರ ದೇಹಶಕ್ತಿ ಕುಗ್ಗುತ್ತದೆ ಎಂಬುದನ್ನು ಅಪಾಯ ಅಂದಾಜಿನ ಪಠ್ಯಗಳಿಗಿಂತ ಸ್ಪಷ್ಟವಾಗಿ ಈ ಆದೇಶಗಳು ಕಾಣಿಸಿದವು.

ವಿವಾದ ಮತ್ತು ಈಚಿನ ದಿಕ್ಕು

ಮಾಲಿನ್ಯದಿಂದ ಎಷ್ಟು ಸಾವು ಎಂಬ ಪ್ರಶ್ನೆಗೆ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹಲವು ವರ್ಷ ಒಂದೇ ಧಾಟಿಯ ಉತ್ತರ ಕೊಟ್ಟಿದೆ. ಆಹಾರಾಭ್ಯಾಸ, ಉದ್ಯೋಗ, ಆರ್ಥಿಕ ಸ್ಥಿತಿ, ಹಿಂದಿನ ಕಾಯಿಲೆ, ರೋಗನಿರೋಧಕ ಶಕ್ತಿ, ಅನುವಂಶೀಯತೆ ಇವೆಲ್ಲ ಸೇರಿ ಆರೋಗ್ಯದ ಪರಿಣಾಮ ಉಂಟಾಗುವುದರಿಂದ, ಸಾವನ್ನು ಮಾಲಿನ್ಯಕ್ಕೆ ಮಾತ್ರ ಜೋಡಿಸುವ ನಿರ್ಣಾಯಕ ದತ್ತಾಂಶವಿಲ್ಲ ಎಂಬುದು ಅದರ ಸಾರ. ಈ ಪಟ್ಟಿಯಲ್ಲಿರುವ ಪ್ರತಿಯೊಂದೂ ಮಾನವ ವ್ಯತ್ಯಾಸದ ಪಠ್ಯಪುಸ್ತಕದ ಅಂಶವೇ. ಆದರೆ ಅಪಾಯ ಅಂದಾಜಿನಲ್ಲಿ ಅವು ಮಿತಿಯನ್ನು ಬಿಗಿಗೊಳಿಸುವ ಕಾರಣಗಳಾದರೆ ಇಲ್ಲಿ ತೀರ್ಮಾನವನ್ನು ಮುಂದೂಡುವ ಕಾರಣಗಳಾಗಿವೆ. ಒಬ್ಬ ವ್ಯಕ್ತಿಯ ಸಾವಿಗೆ ಗಾಳಿಯೇ ಕಾರಣ ಎಂದು ಸಾಧಿಸುವುದು ಕಷ್ಟವೆಂಬುದು ನಿಜ. ಲಕ್ಷಾಂತರ ಜನರಲ್ಲಿ ಗಾಳಿ ಕೆಟ್ಟ ದಿನಗಳಲ್ಲಿ ಸಾವು ಎಷ್ಟು ಏರುತ್ತದೆ ಎಂದು ಅಳೆಯಲು ಆ ಕಷ್ಟ ಅಡ್ಡಬರುವುದಿಲ್ಲ.

ಹತ್ತರ ಗುಣಕದ ಬಗ್ಗೆಯೂ ಟೀಕೆಗಳಿವೆ. ಕೆಲವು ವಸ್ತುಗಳ ಮಟ್ಟಿಗೆ ಅದು ಅತಿಯಾದದ್ದು, ಕೆಲವಕ್ಕೆ ಸಾಲದು. ಒಡ್ಡಿಕೆ ಹೆಚ್ಚಿರುವವರೇ ದೇಹದಲ್ಲೂ ದುರ್ಬಲರಾಗಿರುವ ಸಮಾಜದಲ್ಲಿ ಎರಡು ಭೇದಗಳನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕಿದರೆ ಅಪಾಯ ಕಡಿಮೆಯಾಗಿ ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2009ರ ವರದಿಯಲ್ಲಿ ಒಂದೇ ಸುರಕ್ಷಿತ ಅಂಕಿಯ ಬದಲು, ಜನಸಮುದಾಯದ ಎಷ್ಟು ಪಾಲಿಗೆ ಎಷ್ಟು ಅಪಾಯ ಎಂದು ಹೇಳುವ ದಾರಿಯನ್ನು ಸೂಚಿಸಿತು. ದೇಹದೊಳಗೆ ವಸ್ತುವಿನ ಚಲನೆಯನ್ನು ಅನುಕರಿಸುವ ಕಂಪ್ಯೂಟರ್ ಮಾದರಿಗಳಲ್ಲಿ ವಯಸ್ಸು, ಉಸಿರಿನ ವೇಗ, ಕಿಣ್ವಗಳ ಭೇದಗಳನ್ನು ಸಾವಿರಾರು ಬಾರಿ ಬದಲಿಸಿ ಈ ಹರವನ್ನು ಪಡೆಯಬಹುದು.

ಜೀನೋಮ್ ದತ್ತಾಂಶ ಇಂಥ ಲೆಕ್ಕಗಳಿಗೆ ಭಾರತೀಯ ಅಂಕಿಗಳನ್ನು ಒದಗಿಸಬಲ್ಲದು. ಆದರೆ ದೆಹಲಿಯಲ್ಲಿ ಹೆಚ್ಚಿನ ಭೇದ ತರುತ್ತಿರುವ ವಯಸ್ಸು, ರಕ್ತಹೀನತೆ, ಅಸ್ತಮಾ, ಬಯಲ ದುಡಿಮೆ, ಕಸದ ಗುಡ್ಡದ ಪಕ್ಕದ ವಾಸ ಇವನ್ನು ಗುರುತಿಸಲು ಜೀನೋಮ್ ಬೇಕಿಲ್ಲ. ಶಾಲೆಯ ಹಾಜರಿ, ಆಸ್ಪತ್ರೆಯ ದಾಖಲಾತಿ, ಕಾರ್ಮಿಕ ನೋಂದಣಿ, ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಅವು ಈಗಾಗಲೇ ಬರೆದಿಟ್ಟಿರುವ ಸಂಗತಿಗಳು. ಗಾಳಿಯ ಅಂಕಿಯ ಪಕ್ಕದಲ್ಲಿ ಅವನ್ನೂ ಇಟ್ಟು ಮಿತಿಯನ್ನು ನಿಗದಿ ಮಾಡುವುದು ರಾಜಧಾನಿ ವಲಯದ ಮಾನದಂಡಗಳಲ್ಲಿ ಇನ್ನೂ ಆಗಬೇಕಾದ ಕೆಲಸ.